ಹೊಸ ಮೀನುಗಳ ವರ್ತನೆ

"ಸತ್ತಿಲ್ಲ," ಎಂದ ಅವನು, ಪತ್ರಿಕೆಯಿಂದ ತಲೆ ಎತ್ತದೆ.

ಸತ್ತಿದೆಯಾ ಎಂದು ಹುಡುಗಿ ಕೇಳಿರಲಿಲ್ಲ. ಮೀನಿನ ತೊಟ್ಟಿಯ ಮುಂದೆ ಕಾಲು ಗಂಟೆಯಿಂದ ಮಂಡಿಯೂರಿ ಕೂತಿದ್ದಳು, ಅಷ್ಟೆ. ಆದರೆ ಆ ಬೆನ್ನು ಕೇಳುತ್ತಿದ್ದದ್ದು ಅದನ್ನೇ ಎಂದು ಅವನಿಗೆ ಖಾತ್ರಿಯಿತ್ತು. ಜನರ ಬೆನ್ನು, ಭುಜ, ಬೆರಳುಗಳನ್ನು ಓದುವುದೇ ಅವನ ಉದ್ಯೋಗ.

"ಕ್ಯಾಟ್‌ಫಿಶ್ ಹಾಗೇ. ತಳದಲ್ಲಿ ಹೊಟ್ಟೆ ಊರಿಕೊಂಡು ಬಿದ್ದಿರ್ತವೆ. ಹೊಸ ಜಾಗ ಅಲ್ವಾ."

ಹುಡುಗಿ ತಲೆಯಾಡಿಸಿದಳು. ತೊಟ್ಟಿಯ ಗಾಜಿಗೆ ಹೇಳುವವಳಂತೆ, "ಎಷ್ಟು ದಿನ ಹೊಸದು?" ಎಂದಳು.

"ಅಂದ್ರೆ?"

"ಎಷ್ಟು ದಿನ ಆದ್ಮೇಲೆ ಹಳೇದಾಗತ್ತೆ?"

ಅವನು ಪುಟ ತಿರುಗಿಸಿದ. "ಅದು ಒಂದೊಂದಕ್ಕೆ ಒಂದೊಂದು ಥರ."

ಅವನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಅದಕ್ಕೆ ಖಚಿತವಾದ ಲೆಕ್ಕವಿತ್ತು: ಮೂರು ತಿಂಗಳು. ಹೊಸದಾಗಿ ಸೇರಿದವರನ್ನು ಮೂರು ತಿಂಗಳು ಗಮನಿಸಿ, ಖಾಯಂ ಮಾಡಬಹುದೇ ಬೇಡವೇ ಎಂದು ಎರಡು ಪುಟದ ವರದಿ ಬರೆಯುವವನು ಅವನೇ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟು ಪಡೆದಿದ್ದ. ಅದಕ್ಕಾಗಿ ಮೂರು ವರ್ಷ ಪ್ರಯೋಗಶಾಲೆಯ ಇಲಿಗಳ ಜೊತೆ ಕಳೆದಿದ್ದ. ಆಫೀಸಿನಲ್ಲಿ ಎಲ್ಲರೂ "ಡಾಕ್ಟ್ರೇ" ಎನ್ನುತ್ತಿದ್ದರು. ಅವನು ಕ್ಯಾಂಟೀನಿಗೆ ಬಂದರೆ ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಕೈ ತೊಳೆಯಲು ಏಳುತ್ತಿದ್ದರು.

ಭಾನುವಾರ. ಹೆಂಡತಿಗೆ ಬೆಳಗಿನ ಡ್ಯೂಟಿ, ಅದರ ಬೆನ್ನಿಗೆ ಇನ್ನೊಬ್ಬಳ ಬದಲಿಗೆ ಅರ್ಧ ಡ್ಯೂಟಿ. ಅವಳು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಬರುವುದು ಸಂಜೆ ಆರೂವರೆಗೆ. ಹೋಗುವಾಗ ಬಾಗಿಲಲ್ಲಿ ನಿಂತು, ಚಪ್ಪಲಿಗೆ ಕಾಲು ತೂರಿಸುತ್ತ, ಧ್ವನಿ ತಗ್ಗಿಸಿ ಹೇಳಿದ್ದಳು: "ಇವತ್ತು ಇಡೀ ದಿನ ನೀವಿಬ್ರೇ ಇದ್ದೀರ. ಸ್ವಲ್ಪ ಮಾತಾಡಿಸ್ರೀ. ಪರೀಕ್ಷೆ ಮಾಡೋ ಹಾಗಲ್ಲ, ಸುಮ್ನೆ."

ಸುಮ್ಮನೆ ಮಾತಾಡುವುದು ಹೇಗೆಂದು ಅವನು ಬೆಳಗಿನಿಂದ ಯೋಚಿಸುತ್ತಿದ್ದ.

ನಲವತ್ತಾರನೆಯ ವಯಸ್ಸಿಗೆ ಮದುವೆಯಾಗಿದ್ದ, ಒಂದು ವರ್ಷದ ಹಿಂದೆ. ಹೆಂಡತಿಯ ಮೊದಲ ಗಂಡ ಮಗು ಹುಟ್ಟುವ ಮೊದಲೇ ಎದ್ದುಹೋಗಿದ್ದ. ನರ್ಸುಗಳ ಹಾಸ್ಟೆಲಿನಲ್ಲಿ ಮಗುವನ್ನು ಇಟ್ಟುಕೊಳ್ಳುವಂತಿರಲಿಲ್ಲ, ಅಜ್ಜಿ ಬೆಳೆಸಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಒಂದು ವರ್ಷ ದೊಡ್ಡಮ್ಮನ ಮನೆ, ಇನ್ನೊಂದು ವರ್ಷ ಸೋದರಮಾವನ ಮನೆ. ಹುಡುಗಿಗೆ ಈಗ ಹತ್ತು ತುಂಬಿದೆ. ಎರಡು ತಿಂಗಳ ಹಿಂದೆ ಒಂದೇ ಒಂದು ಚೀಲ ಹಿಡಿದುಕೊಂಡು ಈ ಮನೆಗೆ ಬಂದಳು. ಮದುವೆಗೆ ಮುಂಚೆಯೇ ಆಗಿದ್ದ ಮಾತದು. "ಮನೆ ದೊಡ್ಡದಿದೆ," ಎಂದಿದ್ದ ಅವನು, ಒಪ್ಪಿಗೆಯಾಗಿ.

ಹುಡುಗಿ ತನ್ನ ತಟ್ಟೆ ತಾನೇ ತೊಳೆದಿಡುತ್ತಿದ್ದಳು. ಹಾಸಿಗೆ ಮಡಚುತ್ತಿದ್ದಳು. ಕೋಣೆಯಿಂದ ಹೊರಬಿದ್ದರೆ ದೀಪ ಆರಿಸುತ್ತಿದ್ದಳು. ಸದ್ದಿಲ್ಲದೆ ನಡೆಯುತ್ತಿದ್ದಳು. ದೂರುವುದಕ್ಕೆ ಏನೂ ಸಿಗದಿರುವುದೇ ಅವನ ದೂರಾಗಿತ್ತು. ಮತ್ತೆ, ಈ ಎರಡು ತಿಂಗಳಲ್ಲಿ ಅವಳು ಅವನನ್ನು ಏನೆಂದೂ ಕರೆದಿರಲಿಲ್ಲ. ಅಪ್ಪ ಅಂತಲ್ಲ, ಅಂಕಲ್ ಅಂತಲೂ ಅಲ್ಲ. ಹೇಳುವುದಿದ್ದರೆ ಅವನ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದು ನಿಂತು, ಅವನು ನೋಡುವ ತನಕ ಕಾದು, ನೇರ ವಿಷಯಕ್ಕೆ ಬರುತ್ತಿದ್ದಳು. ಕರೆಯುವ ಶಬ್ದವೊಂದನ್ನು ಬಳಸದೆ ಹೀಗೆ ಅರವತ್ತು ದಿನ ಒಂದೇ ಸೂರಿನಡಿ ಕಳೆಯಬೇಕಾದರೆ ಎಷ್ಟು ಬುದ್ಧಿ ಬೇಕು! ಅವನೊಳಗಿನ ವರದಿ ಬರೆಯುವವನು ಮೆಚ್ಚಿಕೊಂಡಿದ್ದ. ಉಳಿದವನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಆಗಿತ್ತು.

ನಿನ್ನೆ ನಾಲ್ಕು ಕ್ಯಾಟ್‌ಫಿಶ್ ತಂದದ್ದು ಆ ಕಾರಣಕ್ಕೇ, ಹೀಗಾದರೂ ಕರೆದಾಳೆಂದು. ತೊಟ್ಟಿಯಲ್ಲಿ ಆರು ವರ್ಷದಿಂದ ಒಂದೇ ಮೀನಿತ್ತು: ಅಂಗೈಗಿಂತ ದೊಡ್ಡ ಆಸ್ಕರ್, ಕಪ್ಪು ಮೈ, ಅಲ್ಲಲ್ಲಿ ಕೆಂಡದ ಬಣ್ಣ. ಅವನ ಬ್ರಹ್ಮಚರ್ಯದ ಜೊತೆಗಾರ. ಅವನ ಕೈಯಿಂದಲೇ ತಿನ್ನುತ್ತಿತ್ತು. ಮೀನಂಗಡಿಯವನು ತೊಟ್ಟಿಯ ಅಳತೆ ಕೇಳಿ, ಒಂದು ಗಾಜಿನ ಹಲಗೆ ಕತ್ತರಿಸಿ ಕೊಟ್ಟಿದ್ದ. "ನಡುವೆ ಇದನ್ನ ಇಳಿಸಿಬಿಡಿ ಸರ್. ದೊಡ್ಡದು ಆ ಕಡೆ, ಇವು ಈ ಕಡೆ. ಒಟ್ಟಿಗೆ ಮಾತ್ರ ಬಿಡ್ಬೇಡಿ."

"ತಿನ್ನುತ್ತಾ?"

"ಬಿಡ್ಬೇಡಿ ಸರ್, ಅಷ್ಟೆ."

ಹೆಬ್ಬೆರಳಿನಷ್ಟುದ್ದದ ಮೀನುಗಳು. ಮರಳಿನ ಬಣ್ಣ, ಮೈತುಂಬ ಕಪ್ಪು ಚುಕ್ಕೆ, ಬಾಯಿಯ ಸುತ್ತ ಸಣ್ಣ ಮೀಸೆ. ಹುಡುಗಿ ಅವಕ್ಕೆ ಮೀಸೆಮೀನು ಎಂದು ಹೆಸರಿಟ್ಟಳು. ಹೆಸರಿಡಲು ಅವಳಿಗೆ ಬರುತ್ತಿತ್ತು ಹಾಗಾದರೆ, ಎಂದುಕೊಂಡ ಅವನು.

ಇದ್ದಕ್ಕಿದ್ದಂತೆ ಒಂದು ಮೀನು ತಳದಿಂದ ಬಾಣದಂತೆ ಮೇಲಕ್ಕೆ ಚಿಮ್ಮಿ, ನೀರಿನ ಮೇಲೆ ಮೂತಿ ಚಾಚಿ, ಅದೇ ವೇಗದಲ್ಲಿ ತಿರುಗಿ ಕೆಳಗೆ ಬಂತು. ಹುಡುಗಿ ಬೆಚ್ಚಿದಳು.

"ಹೊರಗೆ ಹೋಗೋಕೆ ನೋಡ್ತಿದೆಯಾ?"

"ಇಲ್ಲ. ಗಾಳಿ ನುಂಗೋಕೆ. ಅದು ಕರುಳಿನಲ್ಲೂ ಉಸಿರಾಡತ್ತೆ." ಅವನು ಎದ್ದು ಬಂದು ಅವಳ ಹಿಂದೆ ನಿಂತ. ಅವಳ ಭುಜ ಒಂದಿಷ್ಟು ಕುಗ್ಗಿತು. "ಹೆದರೋಕೇನಿಲ್ಲ. ಪ್ರತಿಯೊಂದು ವರ್ತನೆಗೂ ಕಾರಣ ಇರತ್ತೆ."

"ಕಣ್ಣು ಹೊಡೀತು!"

"ಏನು?"

"ಇದು. ನನ್ನ ನೋಡಿ ಕಣ್ಣು ಹೊಡೀತು." ಮೊದಲ ಸಲ ಅವಳ ಧ್ವನಿಯಲ್ಲಿ ಹತ್ತು ವರ್ಷದ ಮಗು ಕೇಳಿಸಿತು.

"ಮೀನಿಗೆ ರೆಪ್ಪೆ ಇಲ್ಲ."

"ಹೊಡೀತು. ನೋಡ್ದೆ."

"ರೆಪ್ಪೆನೇ ಇಲ್ದೆ ಹೇಗೆ ಹೊಡೆಯತ್ತೆ? ಯೋಚ್ನೆ ಮಾಡು."

ಹುಡುಗಿ ಯೋಚನೆ ಮಾಡಿದಳು. "ಹ್ಞೂಂ," ಎಂದಳು. ಧ್ವನಿ ಹಳೆಯದಾಗಿತ್ತು. ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದಳು.

ಅವನು ಬಗ್ಗಿ ನೋಡಿದ. ಗಾಜಿನ ಹತ್ತಿರವಿದ್ದ ಮೀನು ಅಲುಗಾಡದೆ ಅವನನ್ನೇ ನೋಡುತ್ತಿತ್ತು. ಆಮೇಲೆ ಅದರ ಕಣ್ಣುಗುಡ್ಡೆ ಟಕ್ಕನೆ ಕೆಳಕ್ಕೆ ಉರುಳಿ ಮೇಲಕ್ಕೆ ಬಂತು. ಅನುಮಾನವೇ ಇಲ್ಲ, ಕಣ್ಣು ಹೊಡೆದಂತೆಯೇ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ.

ಹುಡುಗಿ ಬಾಯೊರೆಸಿಕೊಳ್ಳುತ್ತ ಬಂದಳು. ಅವನು ಸೊಂಟ ನೆಟ್ಟಗೆ ಮಾಡಿಕೊಂಡು ಕುರ್ಚಿಗೆ ಮರಳಿದ. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳಬಹುದಿತ್ತು. ಪತ್ರಿಕೆಯ ವ್ಯಾಪಾರದ ಪುಟ ಇನ್ನೂ ಓದುವುದಿತ್ತು.

ಹನ್ನೆರಡೂವರೆಗೆ ಅವನು ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸಿ ಬ್ರೆಡ್ಡು ಕತ್ತರಿಸುತ್ತಿದ್ದಾಗ ಪಿಸುಮಾತು ಕೇಳಿಸಿತು. ಚಾಕು ನಿಲ್ಲಿಸಿದ. ಹುಡುಗಿ ಯಾರ ಜೊತೆಯೋ ಮಾತಾಡುತ್ತಿದ್ದಳು. ಒಂದೆರಡು ಶಬ್ದವಲ್ಲ, ಉದ್ದುದ್ದ ವಾಕ್ಯಗಳು. ಎರಡು ತಿಂಗಳಲ್ಲಿ ಈ ಮನೆಯೊಳಗೆ ಅಂಥ ವಾಕ್ಯ ಅವಳ ಬಾಯಿಂದ ಬಂದಿರಲಿಲ್ಲ. ಅವನು ಬಾಗಿಲ ಮರೆಗೆ ಬಂದ.

"ಮೊದಮೊದಲು ಹಾಗೇ ಅನ್ಸತ್ತೆ," ಎನ್ನುತ್ತಿದ್ದಳು, ಗಾಜಿಗೆ ಮೂಗು ತಾಗಿಸಿಕೊಂಡು. "ಊಟಕ್ಕೆ ಕರೆದ್ರೆ ತಕ್ಷಣ ಓಡಿ ಬರ್ಬಾರ್ದು, ಸ್ವಲ್ಪ ತಡೆದು ಬರ್ಬೇಕು. ಎರಡನೇ ಸಲ ಹಾಕಿಸ್ಕೋಬಾರ್ದು. ಹಸಿವಾದ್ರೆ ನೀರು ಕುಡಿಯೋದು. ಏನಾದ್ರೂ ಒಡೆದುಹೋದ್ರೆ, ಕಳೆದುಹೋದ್ರೆ, ನಾನೇ ಅಂದ್ಬಿಡ್ಬೇಕು. ನಾನಲ್ಲ ಅಂದ್ರೆ ತುಂಬ ಹೊತ್ತು ಬೈತಾರೆ. ನಾನೇ ಅಂದ್ರೆ ಬೇಗ ಮುಗಿಯತ್ತೆ. ದೊಡ್ಡಮ್ಮನ ಮನೇಲಿ ಗಡಿಯಾರ ಬಿತ್ತಲ್ಲ…"

ಮೀನೊಂದು ಇನ್ನೊಂದರ ಬೆನ್ನ ಮೇಲೆ ಹತ್ತಿ ಜಾರಿ ಬಿತ್ತು. ಹುಡುಗಿ ನಕ್ಕಳು. ನೀರು ಗುಳುಗುಳಿಸಿದಂತೆ ಸಣ್ಣ ನಗು. ಅವನ ಕಾಲಿನ ಕೆಳಗೆ ನೆಲದ ಟೈಲು ಕಟಕ್ಕೆಂದಿತು.

"ಶ್, ಸುಮ್ನಿರಿ," ಎಂದಳು ಮೀನುಗಳಿಗೆ. "ಈ ಮನೆಯವರು ಬಂದ್ರು."

ಈ ಮನೆಯವರು.

ಅವನು ಅಡುಗೆಕಟ್ಟೆಗೆ ಹಿಂದಿರುಗಿ ಬ್ರೆಡ್ಡಿನ ಮುಂದೆ ನಿಂತ. ಹೆಂಡತಿ ಫೋನಿನಲ್ಲಿ ಗೆಳತಿಯರೊಡನೆ ಅವನ ವಿಷಯ ಆಡುವಾಗ "ನಮ್ಮನೆಯವರು" ಎನ್ನುತ್ತಿದ್ದಳು. ಆ ಶಬ್ದ ಕಿವಿಗೆ ಬಿದ್ದಾಗೆಲ್ಲ ಅವನಿಗೆ ಗುಟ್ಟಾಗಿ ಹಿತವಾಗುತ್ತಿತ್ತು. ಮಗಳು ಅದರಿಂದ ಒಂದೇ ಒಂದು ತುಣುಕು ಮುರಿದು, ಬೇರೆ ತುಣುಕು ಅಂಟಿಸಿದ್ದಳು. ಬಾಡಿಗೆ ಮನೆಯ ಮಾಲೀಕನನ್ನು ಹೇಳುವಂತೆ. ಅವನ ಹೆಸರಿಲ್ಲದ ಅರವತ್ತು ದಿನಗಳಿಗೆ ಇದೇ ಹೆಸರು ಒಳಗೊಳಗೇ ಇತ್ತು.

ಅವರು ಎದುರುಬದುರು ಕೂತು ಉಂಡರು.

"ಇನ್ನೊಂದು ಮೊಟ್ಟೆ ಹಾಕ್ಲಾ?"

"ಸಾಕು."

"ಹಸಿವಿಲ್ವಾ?"

"ಇಲ್ಲ. ಸಾಕು."

ಅವಳು ಲೋಟದ ತುಂಬ ನೀರು ಬಗ್ಗಿಸಿಕೊಂಡು ಕುಡಿದಳು. ಅವನು ಅದನ್ನು ನೋಡಿದ. ಇನ್ನೊಂದು ಮೊಟ್ಟೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು ಉಪ್ಪು ಉದುರಿಸಿ ನಿಧಾನವಾಗಿ ತಿಂದ.

"ಯಂತ್ರದಲ್ಲಿ ಬಟ್ಟೆ ಆಗಿದೆ," ಎಂದ. "ತಾರಸಿ ಮೇಲೆ ಒಣಗಾಕಿ ಬಾ."

ಬಕೆಟ್ಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಮೆಟ್ಟಿಲೇರಿದ ಸದ್ದು ಮುಗಿದ ಮೇಲೆ ಅವನು ತೊಟ್ಟಿಯ ಹತ್ತಿರ ಬಂದ. ಅಂಗಿಯ ತೋಳು ಮಡಚಿದ. ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಎರಡು ನಿಮಿಷ, ಎಂದುಕೊಂಡ. ದೊಡ್ಡದಕ್ಕೆ ಹೊಟ್ಟೆ ತುಂಬಿದೆ, ಬೆಳಿಗ್ಗೆ ತಾನೇ ತಿನ್ನಿಸಿದ್ದೇನೆ. ಸುಮ್ಮನೆ ನೋಡುವುದು. ಗಾಜಿನ ಹಲಗೆಯ ಮೇಲಂಚಿಗೆ ಬೆರಳು ಸಿಕ್ಕಿಸಿ ಎತ್ತಿದ. ಅದು ಸಲೀಸಾಗಿ ಬಂತು.

ಆಸ್ಕರ್ ಮೂಲೆಯಲ್ಲಿ ತೇಲುತ್ತಿತ್ತು. ಕಿವಿರು ಬಿಚ್ಚಿತು, ಮುಚ್ಚಿತು. ಕ್ಯಾಟ್‌ಫಿಶ್‌ಗಳು ಕಲ್ಲಿನ ಸಂದಿಯಲ್ಲಿ ಒಂದಕ್ಕೊಂದು ಒತ್ತಿಕೊಂಡಿದ್ದವು. ಎರಡು ನಿಮಿಷ ಕಳೆಯಿತು. ನಾಲ್ಕು. ಏನೂ ಆಗಲಿಲ್ಲ. ಅವನಿಗೆ ಸಮಾಧಾನವಾಗಬೇಕಿತ್ತು. ಆದದ್ದು ಬೇಸರ, ಹುಮ್ಮಸ್ಸಿಲ್ಲದ ಇಲಿಯೊಂದು ಗೂಡಿನ ಬಾಗಿಲು ತೆರೆದಿಟ್ಟರೂ ಕದಲದಿದ್ದಾಗ ಆಗುತ್ತಿದ್ದಂಥದು.

ಮೆಟ್ಟಿಲ ಮೇಲೆ ಖಾಲಿ ಬಕೆಟ್ಟಿನ ಸದ್ದು. ಹಲಗೆಯನ್ನು ಮತ್ತೆ ಇಳಿಸಲು ಸಮಯವಿತ್ತು. ಅವನು ಅದನ್ನು ಸೋಫಾದ ಹಿಂದೆ, ಗೋಡೆಗೆ ಒರಗಿಸಿಟ್ಟ. ತನ್ನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಪತ್ರಿಕೆ ಬಿಡಿಸಿದ.

ಎರಡು ಗಂಟೆ ಏಳು ನಿಮಿಷಕ್ಕೆ ನೀರು ಚಪ್ಪಳಿಸಿದ ಸದ್ದಾಯಿತು.

"ಅಯ್ಯೋ—"

ಅಷ್ಟೆ. ಆಮೇಲೆ ನೆಲದ ಮೇಲೆ ಬರಿಗಾಲಿನ ಓಟ. ಮೊದಲ ಬಾರಿಗೆ ಸದ್ದು ಮಾಡುವ ಓಟ. ಅದು ಅವನ ಕೋಣೆಯ ಬಾಗಿಲವರೆಗೆ ಬಂದು ನಿಂತಿತು. ಬಾಗಿಲಿನ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಸಣ್ಣ ನೆರಳು.

ಅವನು ಕಾದ. ಕರೆಯಬೇಕು ಅವಳು. ಏನೆಂದಾದರೂ ಸರಿ. ಅಪ್ಪ ಎನ್ನಲಿ, ಅಂಕಲ್ ಎನ್ನಲಿ, ಬರೀ "ರೀ" ಎನ್ನಲಿ, ಹೋಗಲಿ "ಇಲ್ಲಿ ಬನ್ನಿ" ಅಂದರೂ ಸಾಕು. ಅವನು ಕುರ್ಚಿಯಂಚಿಗೆ ಜರುಗಿ ಕೂತಿದ್ದ, ಕಾಲು ನೆಲಕ್ಕೆ ಒತ್ತಿ. ಒಂದು ಶಬ್ದ ಬಂದರೆ ಸಾಕು, ಜಿಗಿದು ಎದ್ದು ಬಾಗಿಲು ತೆಗೆಯುತ್ತೇನೆ. ಆಚೆ ಏದುಸಿರು ಕೇಳುತ್ತಿತ್ತು. ತಾನು ಒಳಗಿರುವುದು ಅವಳಿಗೆ ಖಾತ್ರಿಯಾಗಲೆಂದು ಅವನು ಪತ್ರಿಕೆಯ ಪುಟವನ್ನು ಜೋರಾಗಿ ತಿರುಗಿಸಿದ.

ಏದುಸಿರು ನಿಂತಿತು. ನೆರಳುಗಳು ಅಲ್ಲೇ ಇದ್ದವು. ಆಮೇಲೆ ಇರಲಿಲ್ಲ.

ಸ್ಟೂಲು ಎಳೆದ ಸದ್ದು. ನೀರಿನಲ್ಲಿ ಕೈಯಾಡಿದ ಸದ್ದು. ಒಂದು ಕೂಗು, ಹುಟ್ಟುತ್ತಲೇ ಹಲ್ಲಿನಡಿ ಸಿಕ್ಕಿ ಜಜ್ಜಿಹೋದಂಥದು. ಮತ್ತೆ ನೀರಿನ ಸದ್ದು. ಅವನು ಗಡಿಯಾರ ನೋಡಿದ: ಎರಡು ಹದಿನಾಲ್ಕು. ಇನ್ನೂ ಕರೆಯಬಹುದು ಅವಳು. ಹಟ ಎಷ್ಟು ಹೊತ್ತು ಬಾಳುತ್ತದೆ ಎಂದು ಕಂಡೇಬಿಡೋಣ. ಯಾರ ಹಟ ಎಂದು ಅವನು ಕೇಳಿಕೊಳ್ಳಲಿಲ್ಲ. ಎರಡು ಇಪ್ಪತ್ತು. ಎರಡು ಮೂವತ್ತೈದು.

ಎರಡು ನಲವತ್ತಕ್ಕೆ ಅವನಿಗೆ ಬಾಯಾರಿಕೆಯಾಯಿತು, ಅಥವಾ ಬಾಯಾರಿಕೆಯಾದವನಂತೆ ಎದ್ದ.

ಹುಡುಗಿ ಸ್ಟೂಲಿನ ಮೇಲೆ ನಿಂತಿದ್ದಳು. ಒಂದು ತೋಳು ಭುಜದವರೆಗೆ ಒದ್ದೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಹೊಟ್ಟೆಗೆ ಒತ್ತಿಕೊಂಡಿದ್ದಳು. ಫ್ರಾಕಿನ ಮೇಲೆ ಕೆಂಪು ಕಲೆ ಹರಡಿತ್ತು. ಅಳುತ್ತಿರಲಿಲ್ಲ. ತೊಟ್ಟಿಯಲ್ಲಿ ಆಸ್ಕರ್ ಓರೆಯಾಗಿ ತೇಲುತ್ತಿತ್ತು. ಬಾಯಿ ಹರಿಯುವಷ್ಟು ತೆರೆದಿತ್ತು, ಅದರಿಂದ ಒಂದು ಚುಕ್ಕೆಚುಕ್ಕೆಯ ಬಾಲ ಹೊರಬಂದಿತ್ತು. ಬಾಲ ಅಲುಗುತ್ತಿತ್ತು.

"ಏನಾಯ್ತು?"

"ಏನಿಲ್ಲ."

"ಕೈ ತೋರಿಸು."

"ಬೇಡ."

"ಯಾಕೆ ಕರೀಲಿಲ್ಲ ನನ್ನ?"

ಹುಡುಗಿ ಅವನ ಮುಖ ನೋಡಿದಳು. "ಓದ್ತಿದ್ರಿ," ಎಂದಳು.

ಅವನು ಮೀನಂಗಡಿಯವನಿಗೆ ಫೋನು ಮಾಡಿದ. ಅಂಗಡಿ ಮುಚ್ಚಿತ್ತು, ಮನೆಯಲ್ಲಿದ್ದ, ಊಟ ಮಾಡುತ್ತಿದ್ದ. ಅಗಿಯುತ್ತಲೇ ಕೇಳಿಸಿಕೊಂಡ.

"ಗಂಟಲಲ್ಲಿ ಸಿಕ್ಕಾಕೊಂಡಿದೆಯಾ? ಹೋಯ್ತು ಬಿಡಿ ಸರ್. ಅದಕ್ಕೆ ಬೆನ್ನ ಮೇಲೊಂದು, ಪಕ್ಕಕ್ಕೆರಡು ಮುಳ್ಳಿರ್ತವೆ. ಹೆದರಿಕೆ ಆದ್ರೆ ಬಿಚ್ಚಿ ಲಾಕ್ ಮಾಡ್ಕೊಂಡ್ಬಿಡತ್ತೆ. ನುಂಗೋಕೂ ಆಗಲ್ಲ, ಉಗಿಯೋಕೂ ಆಗಲ್ಲ."

"ಅದಾಗೇ ಮುಳ್ಳು ಮಡಚಲ್ವಾ?"

"ಹೆದರಿಕೆ ಹೋದ್ರೆ ಮಡಚತ್ತೆ. ಬಾಯೊಳಗೇ ಇದ್ರೆ ಹೆದರಿಕೆ ಹೆಂಗೆ ಹೋಗತ್ತೆ ಹೇಳಿ?" ಅಂಗಡಿಯವನು ನಕ್ಕ, ಕೆಟ್ಟ ಮನಸ್ಸಿನಿಂದಲ್ಲ. "ಎಳೀಬೇಡಿ ಮತ್ತೆ, ಎರಡೂ ಹರಿದುಹೋಗ್ತವೆ. ನಾಳೆ ಬೆಳಿಗ್ಗೆ ಬಕೆಟ್ಟಲ್ಲಿ ಹಾಕ್ಕೊಂಡು ಬನ್ನಿ, ಇದ್ರೆ. ಅಲ್ಲ ಸರ್, ಮಧ್ಯೆ ಗಾಜು ಹಾಕಿ ಅಂತ ಹೇಳಿದ್ನಲ್ಲ? ತೆಗೆದವ್ರು ಯಾರು?"

"ಮನೇಲಿ ಮಗು ಇದೆ," ಎಂದ ಅವನು.

ಅದು ಸುಳ್ಳಲ್ಲ. ಮನೆಯಲ್ಲಿ ಮಗು ಇತ್ತು. ಮೂರಡಿ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿತ್ತು.

"ಓ. ಮಕ್ಕಳು ಕೈ ಸುಮ್ನಿರಲ್ಲ ಬಿಡಿ," ಎಂದ ಮೀನಂಗಡಿಯವನು.

ಅವನು ಬಿಸಿನೀರು ಕಾಯಿಸಿ ಪಾತ್ರೆಗೆ ಬಗ್ಗಿಸಿದ. ಈ ಸಲ ಅವಳು ಕೈ ಕೊಟ್ಟಳು. ಹೆಬ್ಬೆರಳಿನ ಬುಡದಲ್ಲಿ ಆಳವಾಗಿ ಚುಚ್ಚಿತ್ತು. ಸುತ್ತ ಊದಿ ಕೆಂಪಗಾಗಿತ್ತು. ಅವಳ ಕೈ ಅವನ ಕೈಯಲ್ಲಿ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಬಿದ್ದಿತ್ತು. ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ಗಳಿಗೆ, ಹತ್ತಿಯಿಂದ ರಕ್ತ ಒರೆಸುತ್ತಿದ್ದಾಗ, ಹೇಳಿಬಿಡಬೇಕೆನಿಸಿತು. ನಾನು ತೆಗೆದದ್ದು, ಎನ್ನುವ ಎರಡು ಶಬ್ದ. ನಾಲಿಗೆಯ ತುದಿಯವರೆಗೆ ಬಂದವು.

"ಅಮ್ಮನಿಗೆ ಏನು ಹೇಳ್ತೀಯ?" ಎಂದು ಕೇಳಿದ.

"ಏನು ಹೇಳ್ಬೇಕು?"

ಅವಳು ನಿಜವಾಗಿಯೇ ಕೇಳಿದ್ದಳು. ಚುಚ್ಚುವುದಕ್ಕಲ್ಲ. ಫಾರಮು ತುಂಬುವವರು ಪೆನ್ನು ಹಿಡಿದುಕೊಂಡು ಕೇಳುವಂತೆ.

"ಆದದ್ದು ಹೇಳು."

"ಏನಾದದ್ದು?"

ಅವನು ಹತ್ತಿಯನ್ನು ಬಿಸಿನೀರಿಗೆ ಅದ್ದಿದ. ನೀರು ಗುಲಾಬಿಯಾಯಿತು.

ಪಟ್ಟಿ ಕಟ್ಟಿ ಮುಗಿದ ಮೇಲೆ ಹುಡುಗಿ ನೆಲ ಒರೆಸುವ ಬಟ್ಟೆ ತಂದಳು. ತೊಟ್ಟಿಯ ಕೆಳಗೆ ತಾನು ಚೆಲ್ಲಿದ್ದ ನೀರನ್ನು ಎಡಗೈಯಿಂದ ಒರೆಸಿದಳು. ಅಲ್ಲಿಗೆ ನಿಲ್ಲಲಿಲ್ಲ. ತೊಟ್ಟಿಯಿಂದ ಸೋಫಾದ ಕಡೆಗೆ ಹನಿಹನಿಯಾಗಿ ಒಂದು ಜಾಡು ಹೋಗಿತ್ತು, ಅರ್ಧ ಒಣಗಿದ್ದು. ಹುಡುಗಿ ಮಂಡಿಯ ಮೇಲೆ ಜರುಗುತ್ತ ಆ ಜಾಡನ್ನೂ ಒರೆಸಿಕೊಂಡು ಹೋದಳು, ಒಂದು ಹನಿಯನ್ನೂ ಬಿಡದೆ, ಸೋಫಾದ ಹಿಂದಿನವರೆಗೆ. ಅಲ್ಲಿ ಒಂದು ಗಳಿಗೆ ತಡೆದಳು. ಆಮೇಲೆ ಬಟ್ಟೆ ಹಿಂಡಿ, ಬಚ್ಚಲಿನ ಕೊಕ್ಕೆಗೆ ತೂಗುಹಾಕಿ, ಕೈ ತೊಳೆದುಕೊಂಡು ಬಂದು ಕೂತಳು.

ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಮೂರರಿಂದ ಆರೂವರೆಯವರೆಗೆ ಅವನು ಒಂದು ವಾಕ್ಯವನ್ನು ಹೊಂದಿಸಿದ. ನಾನೇ ಒಂದು ನಿಮಿಷ ತೆಗೆದಿದ್ದೆ, ಪಾಚಿ ಒರೆಸೋಣ ಅಂತ, ಅಷ್ಟರಲ್ಲಿ ಫೋನು ಬಂತು. ಸುಮಾರಾದ ವಾಕ್ಯ. ಅರ್ಧ ನಿಜ ಅದರಲ್ಲಿತ್ತು, ಇನ್ನರ್ಧವನ್ನು ಯಾರೂ ತಪಾಸಣೆ ಮಾಡುವಂತಿರಲಿಲ್ಲ. ಹುಡುಗಿ ಶಾಲೆಯ ಪುಸ್ತಕ ತೆರೆದು ಎಡಗೈಯಲ್ಲಿ ಬರೆಯಲು ಪ್ರಯತ್ನಿಸುತ್ತಿದ್ದಳು. ಆಸ್ಕರ್ ಆಗಾಗ ತಲೆಯನ್ನು ಕಲ್ಲಿಗೆ ಉಜ್ಜುತ್ತಿತ್ತು. ಉಜ್ಜಿದಾಗೆಲ್ಲ ಬಾಲ ಪಟಪಟ ಹೊಡೆದುಕೊಂಡು ಸುಮ್ಮನಾಗುತ್ತಿತ್ತು.

ಬಾಗಿಲ ಗಂಟೆ ಸದ್ದು ಮಾಡಿತು. ಹೆಂಡತಿ ಔಷಧಿಯ ವಾಸನೆಯನ್ನು ಮೈಗೆ ಸುತ್ತಿಕೊಂಡು ಒಳಗೆ ಬಂದಳು. "ಅಬ್ಬಾ, ಇವತ್ತು ಹತ್ತೊಂಬತ್ತು ಮಕ್ಕಳು ಕಣ್ರೀ. ಒಂದು ಮಲಗಿದ್ರೆ ಇನ್ನೊಂದು ಶುರು ಮಾಡತ್ತೆ. ಏನ್ಮಾಡಿದ್ರಿ ಇಬ್ರೂ—" ಎಂದವಳು ಪಟ್ಟಿ ನೋಡಿದಳು. "ಮರಿ! ಏನೇ ಇದು ಕೈಗೆ?"

"ಮೀನಿನ ಮುಳ್ಳು ಚುಚ್ತು."

"ಎಷ್ಟು ಊದಿದೆ ನೋಡು. ಮೀನನ್ನ ಯಾಕೆ ಮುಟ್ಟೋಕೆ ಹೋದೆ?" ಅವಳ ಕಣ್ಣು ತೊಟ್ಟಿಗೆ ಹೋಯಿತು. "ಅಯ್ಯಯ್ಯೋ. ಇದೇನ್ರೀ ಇದು? ಮಧ್ಯೆ ಗಾಜಿತ್ತಲ್ಲ? ಯಾರು ತೆಗೆದದ್ದು?"

ಅವನು ಬಾಯಿ ತೆರೆದ. ವಾಕ್ಯ ಸಿದ್ಧವಾಗಿತ್ತು.

"ನಾನು," ಎಂದಳು ಹುಡುಗಿ. "ಅಪ್ಪ ಬೇಡ ಅಂದ್ರು. ನಾನು ಕೇಳ್ಲಿಲ್ಲ."

ಹೆಗಲಿನ ಚೀಲ ಇಳಿಸುತ್ತಿದ್ದ ಹೆಂಡತಿ ಹಾಗೇ ನಿಂತಳು. ಚೀಲದ ಪಟ್ಟಿ ಮೊಣಕೈಗೆ ಜಾರಿತು. ಅವಳು ಮೀನು ಮರೆತಳು, ಕೈ ಮರೆತಳು, ಆ ಮಾತಿನಲ್ಲಿದ್ದ ಉಳಿದದ್ದನ್ನೆಲ್ಲ ಮರೆತಳು. ಮೆಲ್ಲನೆ ಗಂಡನ ಕಡೆ ತಿರುಗಿ ಹುಬ್ಬು ಎತ್ತಿದಳು: ಕೇಳಿಸ್ತಾ? ಅವಳ ಕಣ್ಣು ತುಂಬಿತ್ತು. ದಣಿದ ಮುಖ ಒಂದು ನಿಮಿಷ ಹದಿನೆಂಟರ ಹುಡುಗಿಯ ಮುಖವಾಯಿತು.

ಕೇಳಿಸಿತ್ತು ಅವನಿಗೆ. ಅರವತ್ತು ದಿನ ಕಾದದ್ದು ಬಂದಿತ್ತು.

"ಅಪ್ಪ ಬೇಡ ಅಂದ್ಮೇಲೆ ಯಾಕೆ ತೆಗೆದೆ?" ಎಂದು ಹೆಂಡತಿ ಗದರಿದಳು. ಗದರಿಕೆಯಲ್ಲಿ ಸಿಟ್ಟು ನಿಲ್ಲುತ್ತಿರಲಿಲ್ಲ. ಆ ಶಬ್ದವನ್ನು ಮತ್ತೊಮ್ಮೆ ಬಾಯಲ್ಲಿ ಆಡಿಸುವುದಕ್ಕಷ್ಟೇ ಗದರಿದಂತಿತ್ತು. "ಪಾಪ, ಆರು ವರ್ಷದಿಂದ ಸಾಕಿದ ಮೀನು ಅವ್ರದು. ಅಪ್ಪನಿಗೆ ಸಾರಿ ಕೇಳು."

ಈಗ, ಎಂದುಕೊಂಡ ಅವನು. ಈಗ ಹೇಳದಿದ್ದರೆ ಇನ್ನು ಹೇಳುವುದಕ್ಕಾಗುವುದಿಲ್ಲ.

ಹುಡುಗಿ ಎದ್ದು ಬಂದು ಅವನ ಮುಂದೆ ನಿಂತಳು. ತಲೆಯೆತ್ತಿ ನೇರವಾಗಿ ನೋಡಿದಳು. ಆ ಕಣ್ಣಿನಲ್ಲಿ ದ್ವೇಷವಿದೆಯೇ ಎಂದು ಹುಡುಕಿದ, ಇರಲಿಲ್ಲ. ಕರುಣೆ? ಅದೂ ಅಲ್ಲ. ಭಯವಿದ್ದರೆ ಅರ್ಥವಾಗುತ್ತಿತ್ತು. ಇಪ್ಪತ್ತು ವರ್ಷ ಮುಖಗಳನ್ನು ಓದಿ ಬರೆದವನಿಗೆ ಈ ಮುಖದ ಬಗ್ಗೆ ಬರೆಯಲು ಒಂದು ಸಾಲೂ ಹೊಳೆಯಲಿಲ್ಲ. ಬೇಗ ಮುಗಿಸೋಣ ಎಂದಷ್ಟೇ ಹೇಳುವಂತಿತ್ತು ಅದು.

"ಸಾರಿ ಅಪ್ಪ."

"ಪರವಾಗಿಲ್ಲ," ಎಂದ ಅವನು.

ತನ್ನ ಧ್ವನಿ ಎಷ್ಟು ಮೃದುವಾಗಿತ್ತು, ಎಷ್ಟು ದೊಡ್ಡ ಮನಸ್ಸಿನದಾಗಿತ್ತು ಎಂದು ಅವನಿಗೇ ಆಶ್ಚರ್ಯವಾಯಿತು. ಕೈ ಮುಂದೆ ಹೋಗಿ ಅವಳ ತಲೆ ಸವರಿತು. ತಲೆ ಸವರಿಸಿಕೊಂಡಿತು.

"ಇನ್ಮೇಲೆ ಹಾಗೆ ಮಾಡ್ಬೇಡ," ಎಂದೂ ಸೇರಿಸಿದ.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳ ಕೆನ್ನೆಗೆ ಲಟ್ಟನೆ ಒಂದು ಮುತ್ತು ಕೊಟ್ಟು ಅಡುಗೆಮನೆಗೆ ಹೋದಳು. "ಕತ್ತರಿಯಲ್ಲಿ ಆ ಮುಳ್ಳು ತುಂಡು ಮಾಡೋಕಾಗಲ್ವೇನ್ರೀ?" ಎಂದು ಅಲ್ಲಿಂದ ಕೇಳಿದಳು.

"ನಾಳೆ ಬೆಳಿಗ್ಗೆ ತಗೊಂಡು ಬನ್ನಿ ಅಂದಿದ್ದಾನೆ."

"ಅಲ್ಲೀವರೆಗೆ ಬದುಕಿರ್ತವಾ?"

ಅವಳಿಗೆ ಉತ್ತರ ಬೇಕಾಗಿರಲಿಲ್ಲ. ಒಲೆ ಹೊತ್ತಿತು, ಪಾತ್ರೆಗಳು ಸದ್ದು ಮಾಡಿದವು, ಅವುಗಳ ನಡುವೆ ಅವಳು ಮೂಗಿನಲ್ಲೇ ಏನೋ ಗುನುಗುತ್ತಿದ್ದಳು. ಈ ಮನೆಗೆ ಬಂದ ಮೇಲೆ ಅವಳು ಗುನುಗಿದ್ದನ್ನು ಅವನು ಕೇಳಿರಲಿಲ್ಲ. ಎಂಥ ಒಳ್ಳೆಯ ಭಾನುವಾರ.

"ಅಪ್ಪ."

ಅವನು ಬೆಚ್ಚಿಬಿದ್ದ.

ಹುಡುಗಿ ತೊಟ್ಟಿಯ ಮುಂದೆ ಮಂಡಿಯೂರಿದ್ದಳು. ಕರೆದ ಧ್ವನಿ ಸ್ಪಷ್ಟವಾಗಿತ್ತು, ಎಲ್ಲೂ ತಡವರಿಸಿರಲಿಲ್ಲ. ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿಯೂ ಇತ್ತು. ಗುನುಗು ಒಂದು ಕ್ಷಣ ನಿಂತು ಮುಂದುವರಿಯಿತು.

"ಏನು?"

"ಬನ್ನಿ ಅಪ್ಪ, ನೋಡಿ. ಹೊರಗೆ ಬಂದ್ವು."

ಅವನು ಹೋದ. ಕರೆದ ಮೇಲೆ ಹೋಗದಿರಲಾಗುವುದಿಲ್ಲ. ಅವಳ ಪಕ್ಕದಲ್ಲಿ, ಅವಳಷ್ಟೇ ಎತ್ತರಕ್ಕೆ, ಮಂಡಿಯೂರಿ ಕೂತ.

ಉಳಿದ ಮೂರು ಕ್ಯಾಟ್‌ಫಿಶ್‌ಗಳು ಕಲ್ಲಿನ ಸಂದಿ ಬಿಟ್ಟು ಬಂದಿದ್ದವು. ನಿನ್ನೆಯಿಂದ ಮುದುಡಿಕೊಂಡಿದ್ದವು ಈಗ ತೊಟ್ಟಿಯ ನಟ್ಟನಡುವೆ, ಆಸ್ಕರಿನ ನೇರ ಕೆಳಗೆ, ಸಾಲಾಗಿ ಓಡಾಡುತ್ತಿದ್ದವು. ಮೇಲೆ ಆ ದೊಡ್ಡ ಬಾಯಿ ಮುಚ್ಚಲಾರದೆ ತೆರೆದೇ ಇತ್ತು. ಒಮ್ಮೆಗೊಮ್ಮೆ ಅದು ಕೊಡವಿಕೊಂಡಾಗ ಬಾಯಂಚಿನಿಂದ ಬಿಳಿಯ ಚೂರುಗಳು ಕಳಚಿ, ದೀಪದ ಬೆಳಕಿನಲ್ಲಿ ಹೊಳೆಯುತ್ತ, ತೂಗಾಡುತ್ತ ಇಳಿಯುತ್ತಿದ್ದವು. ಅವು ದೊಡ್ಡದರ ಗಂಟಲಿನವೋ ಸಣ್ಣದರ ಮೈಯಿನವೋ ಹೇಳುವಂತಿರಲಿಲ್ಲ. ಕೆಳಗಿನ ಮೂರೂ ಮೀಸೆ ಆಡಿಸುತ್ತ ಮರಳನ್ನು ಮೂಸಿ, ಒಂದನ್ನೊಂದು ತಳ್ಳದೆ, ಸಮಾಧಾನವಾಗಿ ಅವನ್ನು ಹೆಕ್ಕಿ ತಿನ್ನುತ್ತಿದ್ದವು.

"ಬನ್ರೀ ಇಬ್ರೂ," ಎಂದು ಹೆಂಡತಿ ಕೂಗಿದಳು, "ಊಟ ಆಯ್ತು."

ಇಬ್ಬರೂ ತಕ್ಷಣ ಏಳಲಿಲ್ಲ. ಇನ್ನೊಂದು ಚೂರು ಇಳಿಯುತ್ತಿತ್ತು. ಮೇಲೆ, ಬಾಲ ಇನ್ನೂ ಅಲುಗುತ್ತಿತ್ತು.